ಯುರೋಪಿನ ಯುದ್ಧಗಳಲ್ಲಿ ಧರ್ಮ ಮತ್ತು ರಾಷ್ಟ್ರ

ಯುರೋಪಿನ ಇತಿಹಾಸದಲ್ಲಿ 1517ರಿಂದ 1648ರವರೆಗಿನ ಕಾಲವನ್ನು ಮತಯುದ್ಧಗಳ ಕಾಲವೆಂದೂ 1789ರಿಂದ 1945ರವರೆಗಿನ ಕಾಲವನ್ನು ರಾಷ್ಟ್ರೀಯತೆಯ ಯುದ್ಧಗಳ ಕಾಲವೆಂದೂ ಗುರುತಿಸುವುದು ವಾಡಿಕೆ. ಮೊದಲು ದೇವರ ಹೆಸರಿನಲ್ಲಿ ಕೊಂದರು, ಆಮೇಲೆ ದೇಶದ ಹೆಸರಿನಲ್ಲಿ ಕೊಂದರು ಎನ್ನುವುದು ಇದರ ಸಾರ. ಇದಕ್ಕೆ ಎದುರಾಗಿ ಇನ್ನೊಂದು ವಾದವಿದೆ: ಧರ್ಮ, ರಾಷ್ಟ್ರ ಎರಡೂ ಬರೀ ನೆಪ, ಒಳಗಿದ್ದದ್ದು ಭೂಮಿ, ತೆರಿಗೆ, ಸಿಂಹಾಸನಗಳ ಆಸೆ ಎಂಬುದು. ದಾಖಲೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಎರಡೂ ವಾದಗಳು ಅರ್ಧ ದಾರಿಯಲ್ಲೇ ನಿಂತುಬಿಡುತ್ತವೆ. ಅರಸರಿಗೆ ಜಗಳ ತೆಗೆಯಲು ಧರ್ಮವೋ ರಾಷ್ಟ್ರವೋ ಬೇಕಿರಲಿಲ್ಲ, ಕಾರಣಗಳು ಅವರಲ್ಲಿ ಸದಾ ಇದ್ದವು. ಆದರೆ ಅರಸರ ಜಗಳ ಊರೂರಿನ ಜಗಳವಾಗಲು, ನೆರೆಮನೆಯವನನ್ನು ಹಗೆಯಂತೆ ಕಾಣಲು, ಗೆದ್ದವನು ಕೂಡ ಸಾಕು ಎಂದು ನಿಲ್ಲಿಸಲಾಗದಂತಾಗಲು ಈ ಎರಡರಲ್ಲಿ ಒಂದು ಬೇಕಾಯಿತು. ಕೆಲವು ಕಡೆ ಎರಡೂ ಒಟ್ಟಿಗೆ ಬಂದವು.

ಕನ್ನಡದಲ್ಲಿ ಧರ್ಮ ಮತ್ತು ಮತ ಎಂಬ ಎರಡು ಮಾತುಗಳಿರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. 16 ಮತ್ತು 17ನೇ ಶತಮಾನಗಳಲ್ಲಿ ಹೊಡೆದಾಡಿದವರೆಲ್ಲ ಕ್ರೈಸ್ತರೇ. ಓದುತ್ತಿದ್ದ ಬೈಬಲ್ ಒಂದೇ, ಪ್ರಾರ್ಥಿಸುತ್ತಿದ್ದ ದೇವರು ಒಬ್ಬನೇ. ವಿಟ್ಟನ್‌ಬರ್ಗಿನ ಸನ್ಯಾಸಿ ಮಾರ್ಟಿನ್ ಲೂಥರ್ 1517ರಲ್ಲಿ ಎತ್ತಿದ ಪ್ರಶ್ನೆಗಳಿಂದ ಒಡೆದದ್ದು ಮತ. ಲೂಥರನ ಅನುಯಾಯಿಗಳು, ಜಾನ್ ಕ್ಯಾಲ್ವಿನ್ನನ ಅನುಯಾಯಿಗಳು (ಈ ಎರಡೂ ಗುಂಪಿನವರು ಪ್ರಾಟೆಸ್ಟೆಂಟರು), ಪೋಪನಿಗೆ ನಿಷ್ಠರಾಗಿ ಉಳಿದ ಕ್ಯಾಥೊಲಿಕರು ಎಂದು ಪಶ್ಚಿಮ ಯುರೋಪು ಮೂರಾಯಿತು. ಇಂದಿನ ಕಣ್ಣಿಗೆ ಇದು ಪೂಜಾವಿಧಾನದ ಭಿನ್ನಾಭಿಪ್ರಾಯದಂತೆ ಕಂಡೀತು. ಆಗ ಹಾಗಿರಲಿಲ್ಲ. ಮದುವೆ, ಮಗುವಿನ ಹೆಸರು, ಹೆಣಕ್ಕೆ ಮಣ್ಣು ಎಲ್ಲವೂ ಚರ್ಚಿನ ಕೈಯಲ್ಲಿದ್ದವು. ತಪ್ಪು ಮತದಲ್ಲಿ ಸತ್ತವನಿಗೆ ನರಕವೇ ಗತಿ ಎಂದು ಜನ ನಿಜವಾಗಿ ನಂಬಿದ್ದರು. ಜತೆಗೆ ಚರ್ಚಿನ ಹೆಸರಿನಲ್ಲಿ ವಿಶಾಲವಾದ ಜಮೀನುಗಳಿದ್ದವು. ಮತ ಬದಲಿಸಿದ ಅರಸನಿಗೆ ಆ ಜಮೀನು ದಕ್ಕುತ್ತಿತ್ತು. ನಂಬಿಕೆ ಮತ್ತು ಲಾಭ ಒಂದೇ ದಾರಿಯಲ್ಲಿ ನಡೆದ ಆ ಕಾಲದಲ್ಲಿ ಯಾವುದು ಕಾರಣ, ಯಾವುದು ನೆಪ ಎಂದು ಬಿಡಿಸಿ ಹೇಳುವುದು ಆ ಅರಸರಿಗೇ ಸಾಧ್ಯವಾಗುತ್ತಿತ್ತೋ ಇಲ್ಲವೋ.

ಜರ್ಮನ್ ಭಾಷೆಯ ನಾಡುಗಳೆಲ್ಲ ಆಗ ಪವಿತ್ರ ರೋಮನ್ ಸಾಮ್ರಾಜ್ಯ ಎಂಬ ಸಡಿಲ ಒಕ್ಕೂಟದಲ್ಲಿದ್ದವು. ನೂರಾರು ಸಂಸ್ಥಾನಗಳು, ಮೇಲೊಬ್ಬ ಚಕ್ರವರ್ತಿ. ಚಕ್ರವರ್ತಿ ಐದನೇ ಚಾರ್ಲ್ಸ್ 1547ರಲ್ಲಿ ಮ್ಯೂಲ್‌ಬರ್ಗಿನಲ್ಲಿ ಲೂಥರನ್ ಅರಸರನ್ನು ಸೋಲಿಸಿದನಾದರೂ ಅವರನ್ನು ಅಳಿಸಲಾಗಲಿಲ್ಲ. 1555ರಲ್ಲಿ ಔಗ್ಸ್‌ಬರ್ಗಿನಲ್ಲಿ ಒಂದು ರಾಜಿ ಆಯಿತು. ಅದರ ಸೂತ್ರವನ್ನು ಕನ್ನಡಿಗರು ಬೇರೊಂದು ಅರ್ಥದಲ್ಲಿ ಬಲ್ಲರು: ಯಥಾ ರಾಜಾ ತಥಾ ಪ್ರಜಾ. ಅರಸನ ಮತವೇ ಪ್ರಜೆಯ ಮತ, ಒಪ್ಪದವನು ಆಸ್ತಿ ಮಾರಿ ಬೇರೆ ಸೀಮೆಗೆ ಹೋಗಬಹುದು. ಈ ರಾಜಿ 60 ವರ್ಷ ಬಾಳಿತು. ಅದರಲ್ಲಿ ಎರಡು ಬಿರುಕುಗಳಿದ್ದವು. ಕ್ಯಾಲ್ವಿನ್ನನ ಅನುಯಾಯಿಗಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಇನ್ನೊಂದು, ಸಂಸ್ಥಾನವನ್ನು ಆಳುವ ಬಿಷಪ್ಪನೇ ಮತ ಬದಲಿಸಿದರೆ ಪದವಿ, ಜಮೀನು ಎರಡನ್ನೂ ಬಿಡಬೇಕು ಎಂಬ ಕಟ್ಟಳೆ. ಕಲೋನಿನ ಆರ್ಚ್‌ಬಿಷಪ್ ಗೆಬ್‌ಹಾರ್ಡ್ ಮತ ಬದಲಿಸಿ ಮದುವೆಯಾಗಿ, ಪದವಿಯನ್ನೂ ಬಿಡೆನೆಂದಾಗ 1583ರಿಂದ ಐದು ವರ್ಷ ಯುದ್ಧವೇ ನಡೆದುಹೋಯಿತು. ಒಬ್ಬನ ಮದುವೆಗೆ ಅಷ್ಟು ಬೆಲೆ ಏಕೆಂದರೆ ಚಕ್ರವರ್ತಿಯನ್ನು ಆರಿಸುವ ಏಳು ಜನರಲ್ಲಿ ಕಲೋನಿನ ಆರ್ಚ್‌ಬಿಷಪ್ ಒಬ್ಬ.

ಈ ಏಳರ ಲೆಕ್ಕ ಗೊತ್ತಿದ್ದರೆ 1618ರಿಂದ 1648ರವರೆಗಿನ ಮೂವತ್ತು ವರ್ಷಗಳ ಯುದ್ಧದ ಆರಂಭ ಸುಲಭವಾಗಿ ತಿಳಿಯುತ್ತದೆ. ಏಳು ಓಟುಗಳಲ್ಲಿ ಮೂರು ಕ್ಯಾಥೊಲಿಕ್ ಆರ್ಚ್‌ಬಿಷಪ್ಪರವು. ಮೂರು ಸ್ಯಾಕ್ಸನಿ, ಬ್ರಾಂಡೆನ್‌ಬರ್ಗ್, ಪ್ಯಾಲಟಿನೇಟ್ ಎಂಬ ಪ್ರಾಟೆಸ್ಟೆಂಟ್ ಸಂಸ್ಥಾನಗಳವು. ಏಳನೆಯದು ಬೊಹೀಮಿಯಾದ ದೊರೆಯದು, ಅಂದರೆ ಇಂದಿನ ಚೆಕ್ ನಾಡಿನದು. ಆ ಸಿಂಹಾಸನ ಚಕ್ರವರ್ತಿಗಳೂ ಸೇರಿದ್ದ ಕ್ಯಾಥೊಲಿಕ್ ಹ್ಯಾಬ್ಸ್‌ಬರ್ಗ್ ಮನೆತನದ ಕೈಯಲ್ಲಿತ್ತು, ಪ್ರಜೆಗಳಲ್ಲಿ ಹೆಚ್ಚಿನವರು ಪ್ರಾಟೆಸ್ಟೆಂಟರು. ಅವರಿಗೆ ಪೂಜಾಸ್ವಾತಂತ್ರ್ಯ ಕೊಟ್ಟು 1609ರಲ್ಲಿ ಚಕ್ರವರ್ತಿ ರುಡಾಲ್ಫ್ ಬರೆದುಕೊಟ್ಟ ಶಾಸನವಿತ್ತು. ಮುಂದೆ ಬಂದವರು ಹ್ರೋಬ್‌ನಲ್ಲಿ ಪ್ರಾಟೆಸ್ಟೆಂಟ್ ಚರ್ಚೊಂದನ್ನು ಕೆಡವಿಸಿ, ಬ್ರೌಮೊವ್‌ನಲ್ಲಿ ಇನ್ನೊಂದಕ್ಕೆ ಬೀಗ ಹಾಕಿಸಿದರು. 1618ರ ಮೇ 23ರಂದು ಸಿಟ್ಟಿಗೆದ್ದ ಬೊಹೀಮಿಯಾದ ಜಹಗೀರುದಾರರು ಪ್ರಾಗ್ ಕೋಟೆಗೆ ನುಗ್ಗಿ ದೊರೆಯ ಇಬ್ಬರು ಪ್ರತಿನಿಧಿಗಳನ್ನೂ ಅವರ ಕಾರ್ಯದರ್ಶಿಯನ್ನೂ ಕಿಟಕಿಯಿಂದ ಕೆಳಕ್ಕೆ ಎಸೆದರು. ಮೂವರೂ ಬದುಕಿಕೊಂಡರು. ಮೇರಿ ಮಾತೆ ಕಾಪಾಡಿದಳೆಂದು ಕ್ಯಾಥೊಲಿಕರು ಹೇಳಿದರು, ತಿಪ್ಪೆಯ ಮೇಲೆ ಬಿದ್ದದ್ದರಿಂದ ಉಳಿದರೆಂದು ಪ್ರಾಟೆಸ್ಟೆಂಟರು. ಬೊಹೀಮಿಯನ್ನರು ಪ್ಯಾಲಟಿನೇಟಿನ ಫ್ರೆಡರಿಕನನ್ನು ಕರೆತಂದು ಪಟ್ಟ ಕಟ್ಟಿದರು. ಅದು ನಿಂತಿದ್ದರೆ ಮೂರಕ್ಕೆ ನಾಲ್ಕಾಗಿ, ಮುಂದಿನ ಚಕ್ರವರ್ತಿ ಪ್ರಾಟೆಸ್ಟೆಂಟನಾಗಬಹುದಿತ್ತು. ಹೀಗೆ ಎರಡು ಊರಿನ ಚರ್ಚುಗಳ ತಕರಾರು ಇಡೀ ಸಾಮ್ರಾಜ್ಯದ ತಕ್ಕಡಿಯನ್ನು ಅಲುಗಿಸಿತು.

1620ರ ನವೆಂಬರ್ 8ರಂದು ಪ್ರಾಗ್ ಬಳಿಯ ಬಿಳಿಬೆಟ್ಟದ ಕಾಳಗ ಒಂದೆರಡು ಗಂಟೆಯಲ್ಲಿ ಮುಗಿದು ಫ್ರೆಡರಿಕ್ ಓಡಿಹೋದ. ಮರುವರ್ಷ ಜೂನ್ 21ರಂದು ಪ್ರಾಗಿನ ಹಳೆಪೇಟೆಯ ಚೌಕದಲ್ಲಿ 27 ನಾಯಕರನ್ನು ಕೊಲ್ಲಿಸಲಾಯಿತು. ಆ ಜಾಗದಲ್ಲಿ ನೆಲಗಲ್ಲಿನ ಮೇಲೆ 27 ಬಿಳಿ ಶಿಲುಬೆಗಳು ಇವತ್ತಿಗೂ ಕಾಣುತ್ತವೆ. ಸತ್ತವರಲ್ಲಿ ಒಬ್ಬ ಕ್ಯಾಥೊಲಿಕ್. ಇನ್ನು ಚಕ್ರವರ್ತಿ ಎರಡನೇ ಫರ್ಡಿನಾಂಡನ ಪರವಾಗಿ ನಿಂತವರಲ್ಲಿ ಲೂಥರನ್ ಸ್ಯಾಕ್ಸನಿಯ ಅರಸನೂ ಇದ್ದ. ಅವನಿಗೆ ಪ್ರತಿಫಲವಾಗಿ ಲುಸಾಟಿಯಾ ಪ್ರಾಂತ ಸಿಕ್ಕಿತು. ಮೊದಲ ಮೂರು ವರ್ಷಗಳಲ್ಲೇ ಮತದ ಗೆರೆ ಎರಡೂ ಬದಿಯಲ್ಲಿ ಅಳಿಸಿಹೋಗಿತ್ತು ಎನ್ನಲು ಇಷ್ಟು ಸಾಕು.

ಹಾಗಾದರೆ ಮತ ನೆಪವೇ? 1629ರಲ್ಲಿ ನಡೆದದ್ದು ಈ ಪ್ರಶ್ನೆಗೆ ಉತ್ತರ. ಆ ಹೊತ್ತಿಗೆ ಚಕ್ರವರ್ತಿ ಗೆದ್ದಾಗಿತ್ತು. ಬೊಹೀಮಿಯಾ ಮಣಿದಿತ್ತು, ನೆರವಿಗೆ ಬಂದ ಡೆನ್ಮಾರ್ಕಿನ ದೊರೆ ಸೋತು ಶಾಂತಿ ಮಾತುಕತೆಗೆ ಬಂದಿದ್ದ. ರಾಜ್ಯ ಮಾತ್ರ ಬೇಕಾಗಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ಫರ್ಡಿನಾಂಡ್ ನಿಲ್ಲಿಸಲಿಲ್ಲ. 1552ರಿಂದೀಚೆಗೆ ಪ್ರಾಟೆಸ್ಟೆಂಟರು ವಶಪಡಿಸಿಕೊಂಡ ಚರ್ಚಿನ ಆಸ್ತಿಯನ್ನೆಲ್ಲ ಹಿಂದಿರುಗಿಸಬೇಕೆಂದು 1629ರ ಮಾರ್ಚಿನಲ್ಲಿ ಶಾಸನ ಹೊರಡಿಸಿದ. ಜೆಸುಯಿಟ್ ಗುರು ಲಾಮೊರ್ಮೈನಿ ಅವನ ಬೆನ್ನಿಗಿದ್ದ. ದೇವರು ಗೆಲುವು ಕೊಟ್ಟದ್ದು ಇದಕ್ಕಾಗಿಯೇ ಎಂಬುದು ಅವರಿಬ್ಬರ ನಂಬಿಕೆ. ಮುಕ್ಕಾಲು ಶತಮಾನದ ಹಿಂದಿನ ಲೆಕ್ಕ ತೆಗೆದಾಗ, ಅಲ್ಲಿಯವರೆಗೆ ಚಕ್ರವರ್ತಿಗೆ ನಿಷ್ಠವಾಗಿದ್ದ ಸ್ಯಾಕ್ಸನಿ ಕೂಡ ಬೆದರಿತು. 1630ರಲ್ಲಿ ಸ್ವೀಡನ್ನಿನ ದೊರೆ ಗುಸ್ತಾವಸ್ ಅಡಾಲ್ಫಸ್ ಬಾಲ್ಟಿಕ್ ಕರಾವಳಿಯಲ್ಲಿ ಇಳಿದ. ಮುಗಿದಿದ್ದ ಯುದ್ಧ ಇನ್ನೂ 18 ವರ್ಷ ಮುಂದುವರಿಯಿತು. ಮತದ ನಿಜವಾದ ಪಾತ್ರ ಇರುವುದು ಇಲ್ಲಿ. ರಾಜಿಗೆ ಬಾಗಿಲು ತೆರೆದಿದ್ದಾಗ ಅದು ಬಾಗಿಲು ಮುಚ್ಚಿತು.

ಗುಸ್ತಾವಸನ ಸೈನ್ಯಕ್ಕೆ ಹಣ ಬಂದದ್ದು ಕ್ಯಾಥೊಲಿಕ್ ಫ್ರಾನ್ಸಿನಿಂದ. ಅದನ್ನು ಕಳಿಸಿದವನು ಪೋಪನ ಸಭೆಯ ಸದಸ್ಯನೇ ಆಗಿದ್ದ ಕಾರ್ಡಿನಲ್ ರಿಷಲ್ಯೂ. ತನ್ನ ನಾಡಿನ ಲಾ ರೊಷೆಲ್ ಪಟ್ಟಣದ ಪ್ರಾಟೆಸ್ಟೆಂಟರನ್ನು 1628ರಲ್ಲಿ ಮುತ್ತಿಗೆ ಹಾಕಿ ಹಸಿವಿನಿಂದ ಮಣಿಸಿದ್ದವನೂ ಇವನೇ. 1631ರ ಜನವರಿಯ ಬೇರ್ವಾಲ್ಡೆ ಒಪ್ಪಂದದಂತೆ ಸ್ವೀಡನ್ನಿಗೆ ವರ್ಷಕ್ಕೆ 4 ಲಕ್ಷ ಥೇಲರ್ ಸಂದಾಯವಾಗಬೇಕಿತ್ತು. ಫ್ರಾನ್ಸಿನ ಎರಡೂ ಮಗ್ಗುಲಲ್ಲಿ ಹ್ಯಾಬ್ಸ್‌ಬರ್ಗರಿದ್ದರು, ಅವರ ಬಲ ಮುರಿಯುವುದು ರಿಷಲ್ಯೂಗೆ ಮತಕ್ಕಿಂತ ದೊಡ್ಡದಾಗಿತ್ತು. 1635ರಲ್ಲಿ ಫ್ರಾನ್ಸ್ ನೇರವಾಗಿ ಕಣಕ್ಕಿಳಿಯಿತು. 1643ರಲ್ಲಿ ಲೂಥರನ್ ಸ್ವೀಡನ್ ಲೂಥರನ್ ಡೆನ್ಮಾರ್ಕಿನ ಮೇಲೇ ಬಿತ್ತು.

ಇದನ್ನೆಲ್ಲ ಅನುಭವಿಸಿದವರು ರೈತರು ಮತ್ತು ಪಟ್ಟಣದ ಬಡವರು. 1631ರ ಮೇ 20ರಂದು ಚಕ್ರವರ್ತಿಯ ಪಡೆಗಳು ಪ್ರಾಟೆಸ್ಟೆಂಟ್ ನಗರ ಮಾಗ್ಡೆಬರ್ಗಿನೊಳಗೆ ನುಗ್ಗಿದಾಗ ಸುಮಾರು 25,000 ಜನರಲ್ಲಿ 20,000 ಜನ ಬೆಂಕಿಗೂ ಕತ್ತಿಗೂ ಬಲಿಯಾದರು. ಆ ದಿನ ಅಲ್ಲಿದ್ದ ಪೀಟರ್ ಹಾಗೆಂಡಾರ್ಫ್ ಎಂಬ ಸಾಮಾನ್ಯ ಸಿಪಾಯಿಯ ದಿನಚರಿ ಬರ್ಲಿನ್ನಿನ ಗ್ರಂಥಾಲಯದಲ್ಲಿ ಸಿಕ್ಕಿ 1993ರಲ್ಲಿ ಅಚ್ಚಾಯಿತು. ಗುಂಡೇಟು ತಿಂದು ಬಿಡಾರದಲ್ಲಿ ಮಲಗಿದ್ದ ಅವನ ಬದಲು ಹೆಂಡತಿ ಉರಿಯುವ ಊರೊಳಗೆ ಹೋಗಿ ಬಟ್ಟೆಬರೆ, ದ್ರಾಕ್ಷಾರಸ ತಂದಳು ಎಂದು ಅದರಲ್ಲಿದೆ. 1633ರಲ್ಲಿ ಸೆರೆಸಿಕ್ಕಿ ಸ್ವೀಡನ್ನಿನ ಪಡೆಗೆ ಸೇರಬೇಕಾಯಿತು, ಮರುವರ್ಷ ಹಳೆಯ ರೆಜಿಮೆಂಟಿಗೇ ಮರಳಿದ. ಸುಮಾರು 25 ವರ್ಷಗಳಲ್ಲಿ 22,000 ಕಿಲೋಮೀಟರಿಗೂ ಹೆಚ್ಚು ನಡೆದ ಈ ಮನುಷ್ಯನ ಮೊದಲ ಹೆಂಡತಿಯೂ ಹೆಚ್ಚಿನ ಮಕ್ಕಳೂ ದಾರಿಯಲ್ಲೇ ಸತ್ತರು. ಯಾವ ಮತಕ್ಕಾಗಿ ಹೋರಾಡುತ್ತಿದ್ದಾನೆ ಎಂಬ ಮಾತು ಆ ಹಾಳೆಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಸೈನ್ಯಗಳು ಬೀಡುಬಿಟ್ಟ ಸೀಮೆಯಿಂದಲೇ ಕಾಳು, ಹುಲ್ಲು, ಹಣ ಕಿತ್ತು ಬದುಕುತ್ತಿದ್ದವು. ಸೇನಾಪತಿ ವಾಲೆನ್‌ಸ್ಟೈನ್ ಈ ಸುಲಿಗೆಯನ್ನು ಒಂದು ವ್ಯವಸ್ಥೆಯನ್ನಾಗಿಯೇ ಮಾಡಿದ. ಸುಲಿದ ಸೀಮೆಗೆ ಬರ ಬಂತು, ಬರದ ಹಿಂದೆ ಪ್ಲೇಗು ಬಂತು. ಸಾಮ್ರಾಜ್ಯದ ಜನಸಂಖ್ಯೆಯಲ್ಲಿ ಐದರಲ್ಲೊಂದರಿಂದ ಮೂರರಲ್ಲೊಂದು ಪಾಲು ಕರಗಿಹೋಯಿತೆಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಕಾಳಗದಲ್ಲಿ ಸತ್ತವರು ಇವರಲ್ಲಿ ಕಡಿಮೆ.

ಶಾಂತಿ ಮಾತುಕತೆ ಎರಡು ಊರುಗಳಲ್ಲಿ ನಡೆಯಬೇಕಾಯಿತು. ಫ್ರಾನ್ಸಿನ ಜತೆಗಿನ ಮಾತುಕತೆ ಮ್ಯೂನ್‌ಸ್ಟರಿನಲ್ಲಿ, ಸ್ವೀಡನ್ ಮತ್ತು ಪ್ರಾಟೆಸ್ಟೆಂಟರ ಜತೆಗಿನದು ಓಸ್ನಾಬ್ರೂಕಿನಲ್ಲಿ. 1648ರ ಅಕ್ಟೋಬರ್ 24ರಂದು ಸಹಿಯಾದ ವೆಸ್ಟ್‌ಫಾಲಿಯಾ ಒಪ್ಪಂದದಲ್ಲಿ ಯಾರ ನಂಬಿಕೆ ಸರಿ ಎಂಬ ಪ್ರಶ್ನೆಯನ್ನೇ ಎತ್ತಲಿಲ್ಲ. 1624ರಲ್ಲಿ ಯಾವ ಊರಲ್ಲಿ ಯಾವ ಮತವಿತ್ತೋ ಅದೇ ಇರಲಿ, ಅರಸ ಮತ ಬದಲಿಸಿದರೂ ಪ್ರಜೆ ಬದಲಿಸಬೇಕಿಲ್ಲ ಎಂದಿತು. ಕ್ಯಾಲ್ವಿನ್ನನ ಅನುಯಾಯಿಗಳಿಗೂ ಮಾನ್ಯತೆ ಸಿಕ್ಕಿತು. ಔಗ್ಸ್‌ಬರ್ಗಿನಲ್ಲಿ ನಗರದ ಹುದ್ದೆಗಳನ್ನು ಎರಡು ಮತದವರಿಗೆ ಸಮನಾಗಿ ಹಂಚಲಾಯಿತು. ಓಸ್ನಾಬ್ರೂಕನ್ನು ಒಮ್ಮೆ ಕ್ಯಾಥೊಲಿಕ್ ಬಿಷಪ್ಪ, ಮುಂದಿನ ಸಲ ಪ್ರಾಟೆಸ್ಟೆಂಟ್ ರಾಜಕುವರ ಎಂದು ಸರದಿಯಲ್ಲಿ ಆಳಿದರು. ಪೋಪ್ ಹತ್ತನೇ ಇನ್ನೊಸೆಂಟ್ ಒಪ್ಪಂದವನ್ನು ಖಂಡಿಸಿದ, ಯಾರೂ ಕಿವಿಗೊಡಲಿಲ್ಲ. ಅಂಥ ನೀರಸವಾದ, ಯಾರಿಗೂ ಪೂರ್ತಿ ತೃಪ್ತಿ ಕೊಡದ ಏರ್ಪಾಡು ಲಕ್ಷಾಂತರ ಜೀವಗಳನ್ನು ಉಳಿಸಿತು. ಔಗ್ಸ್‌ಬರ್ಗಿನಲ್ಲಿ ಆಗಸ್ಟ್ 8ರಂದು ಶಾಂತಿಹಬ್ಬಕ್ಕೆ ಇವತ್ತಿಗೂ ನಗರಕ್ಕೆಲ್ಲ ರಜೆ ಇದೆ.

ಫ್ರಾನ್ಸ್ ಇದೇ ಪಾಠವನ್ನು ಮೊದಲೇ ಕಲಿತು ಮರೆತಿತ್ತು. 1562ರಿಂದ 1598ರವರೆಗೆ ಅಲ್ಲಿ ಎಂಟು ಅಂತರ್ಯುದ್ಧಗಳು ನಡೆದು, 1572ರ ಆಗಸ್ಟಿನಲ್ಲಿ ಪ್ಯಾರಿಸಿನ ಬೀದಿಗಳಲ್ಲಿ ಸಾವಿರಾರು ಪ್ರಾಟೆಸ್ಟೆಂಟರ ಕೊಲೆಯಾಗಿ, ಕೊನೆಗೆ ನಾಂತ್ ಶಾಸನ ಅವರಿಗೆ ಪೂಜೆಯ ಹಕ್ಕು ಕೊಟ್ಟಿತು. ಹದಿನಾಲ್ಕನೇ ಲೂಯಿ 1685ರಲ್ಲಿ ಅದನ್ನು ರದ್ದು ಮಾಡಿದ. ಆದರೂ 1648ರ ನಂತರ ಪಶ್ಚಿಮ ಯುರೋಪಿನಲ್ಲಿ ಮತ ಯುದ್ಧದ ಮುಂಚೂಣಿಯಿಂದ ಹಿಂದೆ ಸರಿಯಿತು. ಮುಂದಿನ ನೂರು ವರ್ಷ ಉತ್ತರಾಧಿಕಾರದ ಕಾದಾಟಗಳದು. 1756ರಿಂದ 1763ರವರೆಗಿನ ಏಳು ವರ್ಷಗಳ ಯುದ್ಧ ಭಾರತದ ನೆಲಕ್ಕೂ ಬಂತು, ವಾಂಡಿವಾಶ್‌ನಲ್ಲಿ ಫ್ರೆಂಚರು ಸೋತದ್ದು ಅದರ ಒಂದು ಭಾಗ. ಇವು ಯಾವುವೂ ಸಣ್ಣ ಯುದ್ಧಗಳಲ್ಲ. ಆದರೆ ಒಂದು ಪ್ರಾಂತ ಕೊಟ್ಟು ಇನ್ನೊಂದು ಪಡೆದು ಮುಗಿಸಬಹುದಾದವು.

ಆ ಬಗೆಯ ಯುದ್ಧ ಫ್ರೆಂಚ್ ಕ್ರಾಂತಿಯೊಂದಿಗೆ ಮುಗಿಯಿತು. ಸಾರ್ವಭೌಮತ್ವ ದೊರೆಯದಲ್ಲ, ರಾಷ್ಟ್ರದ್ದು ಎಂದು 1789ರ ಘೋಷಣೆ ಹೇಳಿತು. ಸರಳವಾಗಿ ಕಾಣುವ ಈ ಮಾತಿನ ಪರಿಣಾಮ ದೊಡ್ಡದು. ದೇಶ ಪ್ರಜೆಯದೇ ಆದಮೇಲೆ ಅದರ ಯುದ್ಧವೂ ಪ್ರಜೆಯದೇ. 1793ರ ಆಗಸ್ಟ್ 23ರ ಶಾಸನ ಯುವಕರನ್ನು ರಣರಂಗಕ್ಕೆ ಕರೆದು, ಮದುವೆಯಾದವರಿಗೆ ಆಯುಧ ತಯಾರಿಕೆ, ಹೆಂಗಸರಿಗೆ ಡೇರೆ ಹೊಲಿಗೆ ಮತ್ತು ಆಸ್ಪತ್ರೆ, ಮಕ್ಕಳಿಗೆ ಗಾಯದ ಪಟ್ಟಿ, ಮುದುಕರಿಗೆ ಚೌಕದಲ್ಲಿ ನಿಂತು ಹುರಿದುಂಬಿಸುವ ಕೆಲಸ ಹಂಚಿತು. ಮರುವರ್ಷ ಸುಮಾರು ಏಳೂವರೆ ಲಕ್ಷ ಜನ ಶಸ್ತ್ರ ಹಿಡಿದಿದ್ದರು. ಯುರೋಪು ಅಲ್ಲಿಯವರೆಗೆ ಅಂಥ ಸೈನ್ಯ ಕಂಡಿರಲಿಲ್ಲ.

ಆ ರಾಷ್ಟ್ರ ಇನ್ನೂ ಹುಟ್ಟುತ್ತಿತ್ತು ಎಂಬುದನ್ನೂ ಹೇಳಬೇಕು. 1794ರಲ್ಲಿ ಪಾದ್ರಿ ಗ್ರೆಗ್ವಾರ್ ಕ್ರಾಂತಿಯ ಸಭೆಗೆ ಒಪ್ಪಿಸಿದ ವರದಿಯ ಪ್ರಕಾರ 60 ಲಕ್ಷ ಫ್ರೆಂಚ್ ಪ್ರಜೆಗಳಿಗೆ ಫ್ರೆಂಚ್ ಬರುತ್ತಲೇ ಇರಲಿಲ್ಲ. ಇನ್ನು ಅಷ್ಟೇ ಜನಕ್ಕೆ ಅದರಲ್ಲಿ ನಾಲ್ಕು ಮಾತು ಮುಂದುವರಿಸಲು ಆಗುತ್ತಿರಲಿಲ್ಲ. ಬ್ರೆಟನ್, ಬಾಸ್ಕ್, ಆಕ್ಸಿಟನ್, ಜರ್ಮನ್ ಮಾತಾಡುವ ಇವರನ್ನು ಒಂದು ರಾಷ್ಟ್ರವಾಗಿ ಎರಕ ಹೊಯ್ದದ್ದು ಮುಂದೆ ಬಂದ ಶಾಲೆ, ರೈಲು ಮತ್ತು ಸೇನೆಯ ಬ್ಯಾರಕ್ಕು. ಪಶ್ಚಿಮದ ವಾಂಡೆ ಸೀಮೆಯ ರೈತರು 1793ರಲ್ಲಿ ಸೈನ್ಯಕ್ಕೆ ಸೇರಲು ಒಪ್ಪದೆ ದಂಗೆಯೆದ್ದರು. ತಮ್ಮ ಪಾದ್ರಿಗಳನ್ನು ಹೊರಹಾಕಿದ ರಾಷ್ಟ್ರ ಅವರಿಗೆ ಬೇಡವಾಗಿತ್ತು. ಅವರ ದಳದ ಹೆಸರು ಕ್ಯಾಥೊಲಿಕ್ ಮತ್ತು ರಾಜನಿಷ್ಠ ಸೈನ್ಯ, ಎದೆಯ ಮೇಲೆ ಏಸುವಿನ ಹೃದಯದ ಚಿಹ್ನೆ. ಹಳೆಯ ನಂಬಿಕೆ ಮತ್ತು ಹೊಸ ನಂಬಿಕೆ ಇಷ್ಟು ನೇರವಾಗಿ ಎದುರುಬದುರಾದ ಜಾಗ ಇನ್ನೊಂದಿಲ್ಲ. ಲಕ್ಷಕ್ಕೂ ಮಿಕ್ಕಿ ಜನ ಸತ್ತರು. ಅದೇ ಹೊತ್ತಿಗೆ ಪ್ಯಾರಿಸಿನಲ್ಲಿ ಹೊಸ ನಂಬಿಕೆ ಹಳೆಯದರ ಉಡುಪನ್ನು ತೊಡುತ್ತಿತ್ತು. ಸಂತ ಜೆನೆವಿಯೆವ್‌ಳ ಚರ್ಚು 1791ರಲ್ಲೇ ರಾಷ್ಟ್ರವೀರರ ಸಮಾಧಿಮಂದಿರವಾಗಿ ಪ್ಯಾಂಥಿಯನ್ ಎನಿಸಿಕೊಂಡಿತ್ತು. ಸಂತರ ಜಾಗಕ್ಕೆ ಹುತಾತ್ಮರು ಬಂದರು.

ನೆಪೋಲಿಯನ್ ಈ ಸೈನ್ಯದಿಂದ ಯುರೋಪನ್ನು ಗೆದ್ದ. ಗೆದ್ದಲ್ಲೆಲ್ಲ ತನಗೆದುರಾಗಿ ರಾಷ್ಟ್ರಭಾವನೆಯನ್ನೂ ಬಿತ್ತಿದ. ಸ್ಪೇನಿನಲ್ಲಿ 1808ರಲ್ಲಿ ಮ್ಯಾಡ್ರಿಡ್ಡಿನ ಜನ ಎದ್ದರು, ಬರ್ಲಿನ್ನಿನಲ್ಲಿ ತತ್ತ್ವಜ್ಞಾನಿ ಫಿಕ್ಟೆ ಜರ್ಮನ್ ರಾಷ್ಟ್ರವನ್ನು ಉದ್ದೇಶಿಸಿ ಉಪನ್ಯಾಸ ಮಾಡಿದ. ಜರ್ಮನಿ ಎಂಬ ರಾಜ್ಯ ಆಗ ಭೂಪಟದಲ್ಲೇ ಇರಲಿಲ್ಲ. ಅದು ಬಂದದ್ದು 1871ರಲ್ಲಿ. ಅದರ ಹಿಂದಿನ ವರ್ಷ ನಡೆದ ಯುದ್ಧ ರಾಷ್ಟ್ರೀಯತೆ ಕೆಲಸ ಮಾಡುವ ಬಗೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಸ್ಪೇನಿನ ಸಿಂಹಾಸನ ಖಾಲಿಯಾಗಿ, ಅದು ಜರ್ಮನ್ ರಾಜ್ಯಗಳಲ್ಲಿ ಒಂದಾದ ಪ್ರಷ್ಯಾದ ರಾಜಮನೆತನದ ಒಬ್ಬ ರಾಜಕುಮಾರನಿಗೆ ಹೋಗುವ ಮಾತು ಬಂತು. ಫ್ರಾನ್ಸ್ ಆಕ್ಷೇಪಿಸಿತು, ರಾಜಕುಮಾರ ಹಿಂದೆ ಸರಿದ. ಹಳೆಯ ಕಾಲದ ಉತ್ತರಾಧಿಕಾರದ ಜಗಳವಾಗಿದ್ದರೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದೆಂದೂ ಹೀಗಾಗದೆಂದು ಮಾತು ಕೊಡಬೇಕೆಂದು ಫ್ರೆಂಚ್ ರಾಯಭಾರಿ ಎಮ್ಸ್ ಎಂಬ ಊರಿನಲ್ಲಿದ್ದ ಪ್ರಷ್ಯಾದ ದೊರೆ ವಿಲ್‌ಹೆಲ್ಮನನ್ನು ಒತ್ತಾಯಿಸಿದ. ದೊರೆ ಸೌಜನ್ಯದಿಂದಲೇ ನಿರಾಕರಿಸಿದ. ಆ ಸುದ್ದಿಯ ತಂತಿ 1870ರ ಜುಲೈ 13ರ ಸಂಜೆ ಬರ್ಲಿನ್ನಿನಲ್ಲಿ ಪ್ರಧಾನಿ ಬಿಸ್ಮಾರ್ಕನ ಕೈಸೇರಿತು. ಅವನು ಅದನ್ನು ಮೊಟಕು ಮಾಡಿದ. ಮೊಟಕಾದ ತಂತಿಯನ್ನು ಓದಿದರೆ ದೊರೆ ರಾಯಭಾರಿಯನ್ನು ಅವಮಾನಿಸಿ ಕಳಿಸಿದಂತೆ ಫ್ರೆಂಚರಿಗೆ, ರಾಯಭಾರಿ ದೊರೆಯನ್ನು ಅವಮಾನಿಸಿದಂತೆ ಜರ್ಮನ್ನರಿಗೆ ಕಾಣುತ್ತಿತ್ತು. ಅದನ್ನು ಪತ್ರಿಕೆಗಳಿಗೆ ಕೊಟ್ಟ. ಮರುದಿನ ಜುಲೈ 14, ಫ್ರಾನ್ಸಿನಲ್ಲಿ ಬಾಸ್ಟೀಲ್ ಬಂದೀಖಾನೆ ಬಿದ್ದ ದಿನ. ಪ್ಯಾರಿಸಿನ ಬೀದಿಗಳಲ್ಲಿ ಯುದ್ಧಕ್ಕಾಗಿ ಕೂಗೆದ್ದಿತು, 19ರಂದು ಯುದ್ಧ ಘೋಷಣೆಯಾಯಿತು. ದೊರೆ ಮತ್ತು ರಾಯಭಾರಿಯ ಒಂದು ಸಂಭಾಷಣೆ ಎರಡು ರಾಷ್ಟ್ರಗಳ ಮಾನದ ಪ್ರಶ್ನೆಯಾದದ್ದು ಆರು ದಿನಗಳಲ್ಲಿ. ನಾಲ್ಕು ವರ್ಷದ ಹಿಂದೆ ಪ್ರಷ್ಯಾದ ವಿರುದ್ಧ ಕಾದಾಡಿದ್ದ ಕ್ಯಾಥೊಲಿಕ್ ಬವೇರಿಯಾ ಈ ಸಲ ಪ್ರಾಟೆಸ್ಟೆಂಟ್ ಪ್ರಷ್ಯಾದ ಪಕ್ಕದಲ್ಲಿ ನಿಂತಿತು.

ಗೆದ್ದ ಜರ್ಮನಿ ಆಲ್ಸೇಸ್ ಮತ್ತು ಲೊರೇನಿನ ಒಂದು ಭಾಗವನ್ನು ಕಿತ್ತುಕೊಂಡಿತು. ಆಲ್ಸೇಸಿನವರ ಮನೆಮಾತು ಜರ್ಮನ್ ಭಾಷೆಗೆ ಸೇರಿದ್ದು, ಆದ್ದರಿಂದ ಅವರು ಜರ್ಮನ್ನರೇ ಎಂದು ಬರ್ಲಿನ್ನಿನ ವಿದ್ವಾಂಸರು ವಾದಿಸಿದರು. ಅವರ ಪ್ರತಿನಿಧಿಗಳೇ ನಾವು ಫ್ರಾನ್ಸಿನವರು ಎಂದು ಪ್ರತಿಭಟಿಸಿದ್ದರು. ಭಾಷೆ ರಾಷ್ಟ್ರವನ್ನು ಮಾಡುತ್ತದೆಯೋ ಜನರ ಇಚ್ಛೆಯೋ ಎಂಬ ಈ ಪ್ರಶ್ನೆಯನ್ನು ಎರ್ನೆಸ್ಟ್ ರೆನಾನ್ 1882ರಲ್ಲಿ ಸೊರ್ಬಾನಿನ ಉಪನ್ಯಾಸದಲ್ಲಿ ಎತ್ತಿಕೊಂಡು, ಒಟ್ಟಿಗೆ ಬಾಳುವ ಇಚ್ಛೆಯೇ ರಾಷ್ಟ್ರ ಎಂದ. ಪ್ಯಾರಿಸಿನಲ್ಲಿ ಸ್ಟ್ರಾಸ್‌ಬರ್ಗ್ ನಗರದ ಪ್ರತಿಮೆಗೆ ಕಪ್ಪು ಬಟ್ಟೆ ಹೊದಿಸಿದರು. ಸೋಲಿನ ಸಂಧಾನವನ್ನು ದೊರೆಗಳು ಮರೆಯಬಲ್ಲರು, ಅದನ್ನು ಶಾಲೆಯ ಪಾಠದಲ್ಲಿ ಓದಿ ಬೆಳೆದ ಮಕ್ಕಳು ಮರೆಯಲಾರರು.

ಬಾಲ್ಕನ್ ಸೀಮೆಯಲ್ಲಿ ಧರ್ಮ ಮತ್ತು ರಾಷ್ಟ್ರ ಬೇರೆಬೇರೆಯಾಗಿ ಬರಲೇ ಇಲ್ಲ. ತುರ್ಕರ ಆಟೊಮನ್ ಸಾಮ್ರಾಜ್ಯ ಪ್ರಜೆಗಳನ್ನು ಎಣಿಸುತ್ತಿದ್ದದ್ದು ಧರ್ಮದ ಲೆಕ್ಕದಲ್ಲಿ. ಗ್ರೀಕ್, ಸರ್ಬ್, ಬಲ್ಗೇರಿಯನ್ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರೆಲ್ಲ ಒಂದೇ ಪಂಗಡ. 19ನೇ ಶತಮಾನದಲ್ಲಿ ಈ ಪಂಗಡ ಭಾಷೆಯ ಗೆರೆಯಲ್ಲಿ ಸೀಳತೊಡಗಿತು. ಬಲ್ಗೇರಿಯನ್ನರು 1870ರಲ್ಲಿ ತಮ್ಮದೇ ಚರ್ಚು ಪಡೆದರು. ಎರಡು ವರ್ಷದ ನಂತರ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಸೇರಿದ ಧರ್ಮಸಭೆ, ಜನಾಂಗದ ಆಧಾರದ ಮೇಲೆ ಚರ್ಚು ಒಡೆಯುವುದು ಪಾಷಂಡವೆಂದು ತೀರ್ಪಿತ್ತಿತು. ಚರ್ಚು ಹೀಗೆ ರಾಷ್ಟ್ರೀಯತೆಯನ್ನು ಬಹಿಷ್ಕರಿಸಿದರೂ ಫಲ ಸಿಗಲಿಲ್ಲ. ಮ್ಯಾಸಿಡೋನಿಯಾದ ಹಳ್ಳಿಗಳಲ್ಲಿ ಯಾವ ಪಾದ್ರಿಯ ಪ್ರಾರ್ಥನೆಗೆ ಹೋಗುತ್ತಾನೆ ಎಂಬುದರ ಮೇಲೆ ಒಬ್ಬ ರೈತ ಗ್ರೀಕನೋ ಬಲ್ಗೇರಿಯನ್ನನೋ ಎಂದು ತೀರ್ಮಾನವಾಗತೊಡಗಿತು, ತಪ್ಪು ಉತ್ತರಕ್ಕೆ ಮನೆ ಸುಟ್ಟರು. 1912ರಲ್ಲಿ ಸರ್ಬಿಯಾ, ಬಲ್ಗೇರಿಯಾ, ಗ್ರೀಸ್, ಮಾಂಟೆನೆಗ್ರೊ ಒಟ್ಟಾಗಿ ತುರ್ಕರನ್ನು ಸೋಲಿಸಿದವು. 1913ರ ಜೂನ್‌ನಲ್ಲಿ, ಗೆದ್ದ ಮ್ಯಾಸಿಡೋನಿಯಾದ ಪಾಲಿಗಾಗಿ ಇದೇ ಆರ್ಥೊಡಾಕ್ಸ್ ರಾಜ್ಯಗಳು ತಮ್ಮತಮ್ಮಲ್ಲೇ ಕಾದಾಡಿದವು. ಎಲ್ಲ ಪಕ್ಷಗಳೂ ಹಳ್ಳಿ ಸುಟ್ಟವೆಂದು, ನಿರಾಯುಧರನ್ನು ಕೊಂದವೆಂದು ಕಾರ್ನೆಗಿ ಸಂಸ್ಥೆಯ ವಿಚಾರಣಾ ಆಯೋಗ 1914ರಲ್ಲಿ ವರದಿ ಮಾಡಿತು.

ಅದೇ ವರ್ಷ ಜೂನ್ 28ರಂದು ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಸರಾಯೆವೊದ ಪುರಭವನದಲ್ಲಿ ಸ್ವಾಗತ ಮುಗಿಸಿ ಹೊರಟ ಕೆಲವೇ ನಿಮಿಷಗಳಲ್ಲಿ 19 ವರ್ಷದ ಬೊಸ್ನಿಯನ್ ಸರ್ಬ್ ತರುಣ ಗವ್ರಿಲೊ ಪ್ರಿನ್ಸಿಪ್ ಅವನನ್ನು ಗುಂಡಿಟ್ಟು ಕೊಂದ. ಕಿಡಿ ರಾಷ್ಟ್ರೀಯತೆಯದು, ಸಂಶಯವಿಲ್ಲ. ಆದರೆ ಕಿಡಿ ಮೊದಲ ಮಹಾಯುದ್ಧದ ಕಾಡ್ಗಿಚ್ಚಾದದ್ದು ಬೇರೆ ಕಾರಣಗಳಿಂದ: ಒಬ್ಬರಿಗೊಬ್ಬರು ಕೊಟ್ಟ ವಚನಗಳು, ರಷ್ಯಾ ಬಲಗೊಳ್ಳುವ ಮುಂಚೆ ಹೊಡೆಯಬೇಕೆಂಬ ಜರ್ಮನ್ ಸೇನಾನಿಗಳ ಭಯ, ಒಮ್ಮೆ ಹೊರಟರೆ ನಿಲ್ಲಿಸಲಾಗದ ರೈಲ್ವೆ ವೇಳಾಪಟ್ಟಿಗಳು. ಆಗಸ್ಟಿನಲ್ಲಿ ಮತ್ತೆ ರಾಷ್ಟ್ರೀಯತೆಯೇ ಬೇಕಾಯಿತು. ಕೆಲಸಗಾರರಿಗೆ ದೇಶವಿಲ್ಲವೆನ್ನುತ್ತಿದ್ದ ಜರ್ಮನ್ ಸಮಾಜವಾದಿಗಳು ಆಗಸ್ಟ್ 4ರಂದು ಯುದ್ಧಸಾಲಕ್ಕೆ ಕೈಯೆತ್ತಿದರು. ಪ್ರಷ್ಯನ್ ಸಿಪಾಯಿಯ ಬೆಲ್ಟಿನ ಬಕಲ್ಲಿನ ಮೇಲೆ ‘ದೇವರು ನಮ್ಮೊಂದಿಗೆ’ ಎಂದಿತ್ತು, ಎದುರಿನ ಕಂದಕಗಳಲ್ಲಿಯೂ ಪಾದ್ರಿಗಳು ಅದೇ ದೇವರನ್ನು ಕರೆದರು. 1917ರ ಆಗಸ್ಟ್ 1ರಂದು ಪೋಪ್ ಹದಿನೈದನೇ ಬೆನೆಡಿಕ್ಟ್ ಕಳಿಸಿದ ಶಾಂತಿಪತ್ರದಿಂದ ಏನೂ ಆಗಲಿಲ್ಲ. ಅಷ್ಟು ಹೊತ್ತಿಗೆ ಕ್ಯಾಥೊಲಿಕನ ಮೊದಲ ನಿಷ್ಠೆ ಯಾರಿಗೆ ಎಂಬುದು ತೀರ್ಮಾನವಾಗಿಹೋಗಿತ್ತು. 90 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಯುರೋಪಿನ ಯಾವ ರಾಷ್ಟ್ರಕ್ಕೂ ಸೇರದವರೂ ಆ ಯುದ್ಧಕ್ಕೆ ತೆರಬೇಕಾಯಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆಪಡೆಗಳಲ್ಲಿ ಜೋಧಪುರದ ಜತೆ ಮೈಸೂರು ಸಂಸ್ಥಾನದ ಲ್ಯಾನ್ಸರ್‌ಗಳೂ ಇದ್ದರು. ದಿಲ್ಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಅವರದು.

ಯುದ್ಧದ ಬಳಿಕ ಪ್ರತಿ ರಾಷ್ಟ್ರಕ್ಕೂ ಒಂದು ರಾಜ್ಯ ಎಂಬ ತತ್ತ್ವ ಬಂತು. ಅದನ್ನು ನೆಲದ ಮೇಲೆ ಎಳೆಯಲು ಹೋದಾಗ ಜನರನ್ನೇ ಕೀಳಬೇಕಾಯಿತು. 1923ರ ಜನವರಿಯಲ್ಲಿ ಗ್ರೀಸ್ ಮತ್ತು ತುರ್ಕಿ ಜನ ವಿನಿಮಯಕ್ಕೆ ಸಹಿ ಹಾಕಿದವು. ಸುಮಾರು 12 ಲಕ್ಷ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಸುಮಾರು 4 ಲಕ್ಷ ಮುಸ್ಲಿಮರು ತುರ್ಕಿಗೆ. ಒಪ್ಪಂದದ ಅಳತೆಗೋಲು ಭಾಷೆಯಲ್ಲ, ಧರ್ಮ. ತುರ್ಕಿ ಭಾಷೆಯಲ್ಲದೆ ಬೇರೆ ತಿಳಿಯದ ಅನಟೋಲಿಯಾದ ಕ್ರೈಸ್ತರು ‘ಗ್ರೀಕ’ರಾಗಿ ಗ್ರೀಸಿನಲ್ಲಿ ಇಳಿದರು, ಗ್ರೀಕ್ ಮಾತಾಡುವ ಕ್ರೀಟ್ ದ್ವೀಪದ ಮುಸ್ಲಿಮರು ‘ತುರ್ಕ’ರಾಗಿ ತುರ್ಕಿಯಲ್ಲಿ ಇಳಿದರು. ಹೋದ ಜಾಗದಲ್ಲಿ ಇಬ್ಬರೂ ಪರಕೀಯರೇ. ಮತ್ತೆ 15 ವರ್ಷಕ್ಕೆ ಇದೇ ತತ್ತ್ವವನ್ನು ಹಿಟ್ಲರ್ ಆಯುಧ ಮಾಡಿಕೊಂಡ. ಚೆಕೊಸ್ಲೊವಾಕಿಯಾದ ಸುಡೆಟನ್ ಸೀಮೆಯಲ್ಲಿ ಜರ್ಮನ್ನರಿದ್ದಾರೆ ಎಂದು 1938ರಲ್ಲಿ ಅದನ್ನು ಕಿತ್ತುಕೊಂಡ, ಡಾನ್ಜಿಗ್ ಜರ್ಮನ್ನರದು ಎಂದು 1939ರಲ್ಲಿ ಪೋಲೆಂಡಿನ ಮೇಲೆ ಬಿದ್ದ. ಆದರೆ ಅವನ ಯುದ್ಧದ ಹಿಂದಿದ್ದ ಜನಾಂಗದ್ವೇಷ ರಾಷ್ಟ್ರೀಯತೆಯನ್ನು ದಾಟಿದ್ದು. ಯೆಹೂದ್ಯರ ಸಾಮೂಹಿಕ ಹತ್ಯೆಯನ್ನು ಗಡಿಯ ಜಗಳವಾಗಿ ವಿವರಿಸಲು ಸಾಧ್ಯವಿಲ್ಲ.

1945ರ ನಂತರ ಫ್ರಾನ್ಸ್ ಮತ್ತು ಜರ್ಮನಿ ನಡುವೆ ಯುದ್ಧ ಯೋಚನೆಗೂ ಬಾರದಂತಾಯಿತು. ಉತ್ತರ ಐರ್ಲೆಂಡಿನಲ್ಲಿ 1968ರಿಂದ 30 ವರ್ಷ ನಡೆದ ಹಿಂಸೆಯಲ್ಲಿ ಸುಮಾರು 3,500 ಜನ ಸತ್ತರು. ಅಲ್ಲಿಯ ಪಕ್ಷಗಳಿಗೆ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಎಂಬ ಹೆಸರಿದ್ದರೂ ಜಗಳ ಇದ್ದದ್ದು ಆ ನೆಲ ಬ್ರಿಟನ್ನಿನದೋ ಐರ್ಲೆಂಡಿನದೋ ಎಂಬುದರ ಮೇಲೆ. 1998ರ ಏಪ್ರಿಲ್ 10ರ ಒಪ್ಪಂದ ಅಲ್ಲಿ ಹುಟ್ಟಿದವರು ತಮ್ಮನ್ನು ಬ್ರಿಟಿಷರೆಂದೋ ಐರಿಷರೆಂದೋ ಎರಡೂ ಎಂದೋ ಕರೆದುಕೊಳ್ಳಬಹುದು ಎಂದಿತು. ಬುದ್ಧಿವಂತಿಕೆಯ ಮಾತು ಅದು.

ಬೊಸ್ನಿಯಾಕ್ಕೆ ಅಂಥ ಮಾತು ಸಿಗಲಿಲ್ಲ. ಯುಗೊಸ್ಲಾವಿಯಾದ ಈ ಪ್ರಾಂತದಲ್ಲಿ ಸರ್ಬರು, ಕ್ರೊಯೇಟರು, ಮುಸ್ಲಿಮರು ಮೂವರೂ ಆಡುತ್ತಿದ್ದದ್ದು ಒಂದೇ ಭಾಷೆ. ಮೈಬಣ್ಣ, ಊಟ, ಹಾಡು ಹೆಚ್ಚುಕಡಿಮೆ ಒಂದೇ. ಅಜ್ಜಂದಿರ ಧರ್ಮವಷ್ಟೇ ಬೇರೆ: ಸರ್ಬರದು ಆರ್ಥೊಡಾಕ್ಸ್, ಕ್ರೊಯೇಟರದು ಕ್ಯಾಥೊಲಿಕ್. ಕಮ್ಯುನಿಸ್ಟ್ ಆಳ್ವಿಕೆಯಲ್ಲಿ ಬೆಳೆದ ಪಟ್ಟಣಿಗರಲ್ಲಿ ಬಹಳ ಮಂದಿ ಚರ್ಚಿಗೂ ಮಸೀದಿಗೂ ಹೋಗುವವರಲ್ಲ. ಆದರೂ 1971ರ ಜನಗಣತಿಯಲ್ಲಿ ‘ಮುಸ್ಲಿಂ’ ಎಂಬುದು ಒಂದು ರಾಷ್ಟ್ರೀಯತೆಯಾಗಿ ದಾಖಲಾಯಿತು. ನಂಬಿಕೆ ಇಲ್ಲದವನಿಗೂ ಹೆಸರಿನಿಂದ ಧರ್ಮ, ಧರ್ಮದಿಂದ ರಾಷ್ಟ್ರ ಅಂಟಿಕೊಂಡಿತು. 1991ರ ಗಣತಿಯಲ್ಲಿ ಬೊಸ್ನಿಯಾದ ಶೇ 5.5ರಷ್ಟು ಜನ ಯಾವ ಗುಂಪನ್ನೂ ಹೇಳದೆ ಯುಗೊಸ್ಲಾವ್ ಎಂದು ಬರೆಸಿದ್ದರು. ಮರುವರ್ಷ ಅವರಿಗೆ ದೇಶವೇ ಉಳಿಯಲಿಲ್ಲ.

ಈ ಜನ ಶತಮಾನಗಳ ಹಳೆಯ ದ್ವೇಷದಿಂದ ಕಾದಾಡಿದರು ಎಂಬ ಮಾತು ಆಗ ಪಶ್ಚಿಮದ ಪತ್ರಿಕೆಗಳಲ್ಲಿ ತುಂಬಿತ್ತು. ಅದು ಸುಳ್ಳು. 1980ರಲ್ಲಿ ಕಮ್ಯುನಿಸ್ಟ್ ಯುಗೊಸ್ಲಾವಿಯಾದ ನಾಯಕ ಟಿಟೊ ಸತ್ತ ಮೇಲೆ ಸಾಲ, ಹಣದುಬ್ಬರ, ನಿರುದ್ಯೋಗಗಳಲ್ಲಿ ಸಿಕ್ಕಿದ ದೇಶದಲ್ಲಿ ಅಧಿಕಾರ ಉಳಿಸಿಕೊಳ್ಳಲು ನಾಯಕರಿಗೆ ಹೊಸ ಆಧಾರ ಬೇಕಿತ್ತು. ಸರ್ಬಿಯಾದ ಸ್ಲೊಬೊಡಾನ್ ಮಿಲೊಸೆವಿಚ್ 1989ರ ಜೂನ್ 28ರಂದು ಕೊಸೊವೊದಲ್ಲಿ, 600 ವರ್ಷದ ಹಿಂದಿನ ಕಾಳಗದ ನೆನಪಿನ ಸಭೆಯಲ್ಲಿ, ಸರ್ಬರ ಅಪಾರ ಜನಸಾಗರದೆದುರು ನಿಂತ. ಟೆಲಿವಿಷನ್ ಅವನ ಕೈಯಲ್ಲಿತ್ತು. ಕ್ರೊಯೇಷಿಯಾದ ಫ್ರಾಂಜೊ ತುಜ್‌ಮನ್ ತನ್ನ ಕಡೆ ಇದೇ ದಾರಿ ಹಿಡಿದ. ಹಳೆಯ ಗಾಯಗಳು ನಿಜವೇ. ಆದರೆ ಅವನ್ನು ಕೆದಕಿದ ಕೈಗಳು ಯಾವುವು ಎಂಬುದೂ ದಾಖಲೆಯಲ್ಲಿದೆ.

1992ರ ಏಪ್ರಿಲ್‌ನಿಂದ ಸರಾಯೆವೊ 1,425 ದಿನ ಮುತ್ತಿಗೆಯಲ್ಲಿತ್ತು. ಫ್ರಾಂಜ್ ಫರ್ಡಿನಾಂಡ್ ಕೊನೆಯ ಸ್ವಾಗತ ಪಡೆದ ಪುರಭವನ ಆ ಹೊತ್ತಿಗೆ ರಾಷ್ಟ್ರೀಯ ಗ್ರಂಥಾಲಯವಾಗಿತ್ತು. ಆಗಸ್ಟ್ 25ರ ರಾತ್ರಿ ಬೆಟ್ಟದ ಮೇಲಿನ ಸರ್ಬ್ ಪಡೆಗಳ ಶೆಲ್‌ಗಳಿಗೆ ಅದು ಹೊತ್ತಿ ಉರಿದು, ಅಲ್ಲಿದ್ದ ಲಕ್ಷಾಂತರ ಪುಸ್ತಕಗಳಲ್ಲಿ ಬಹುಪಾಲು ಬೂದಿಯಾದವು. 1993ರ ನವೆಂಬರ್ 9ರಂದು ಕ್ರೊಯೇಟ್ ಪಡೆಗಳು ಮೊಸ್ತಾರಿನ 16ನೇ ಶತಮಾನದ ಕಲ್ಲುಸೇತುವೆಯನ್ನು ಉರುಳಿಸಿದವು. ಮಸೀದಿ, ಚರ್ಚು, ಪುಸ್ತಕ, ಸೇತುವೆ ಇವನ್ನು ಗುರಿಯಿಟ್ಟು ಕೆಡವಿದ್ದೇಕೆಂದರೆ ಇವರೆಲ್ಲ ಒಟ್ಟಿಗೆ ಬಾಳಿದ್ದಕ್ಕೆ ಸಾಕ್ಷಿ ಉಳಿಯಬಾರದಿತ್ತು. 1995ರ ಜುಲೈನಲ್ಲಿ ಸ್ರೆಬ್ರೆನಿತ್ಸಾದಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಲ್ಲಲಾಯಿತು. ವಿಶ್ವಸಂಸ್ಥೆಯ ನ್ಯಾಯಾಲಯಗಳು ಅದನ್ನು ನರಮೇಧವೆಂದು ತೀರ್ಮಾನಿಸಿವೆ. ಯುದ್ಧದಲ್ಲಿ ಸತ್ತವರು ಒಟ್ಟು ಸುಮಾರು ಒಂದು ಲಕ್ಷ.

1995ರ ಕೊನೆಯಲ್ಲಿ ಡೇಟನ್ ಒಪ್ಪಂದ ಬಂದೂಕುಗಳನ್ನು ನಿಲ್ಲಿಸಿತು. ಬೊಸ್ನಿಯಾದ ಸಂವಿಧಾನ ಆ ಒಪ್ಪಂದದ ನಾಲ್ಕನೇ ಅನುಬಂಧ. ಅದರ ಪ್ರಕಾರ ದೇಶಕ್ಕೆ ಮೂವರು ಅಧ್ಯಕ್ಷರು: ಒಬ್ಬ ಬೊಸ್ನಿಯಾಕ್ ಮುಸ್ಲಿಂ, ಒಬ್ಬ ಸರ್ಬ್, ಒಬ್ಬ ಕ್ರೊಯೇಟ್. ಮೇಲ್ಮನೆಯ 15 ಸ್ಥಾನಗಳನ್ನೂ ಈ ಮೂವರಿಗೆ ಐದೈದರಂತೆ ಹಂಚಿದೆ. ಯಾವ ಗುಂಪಿಗೂ ಸೇರದವನು ಈ ಸ್ಥಾನಗಳಿಗೆ ನಿಲ್ಲುವಂತಿಲ್ಲ. ಬೊಸ್ನಿಯಾದ ಇಬ್ಬರು ಪ್ರಜೆಗಳು, ಒಬ್ಬ ರೋಮಾ ಮತ್ತು ಒಬ್ಬ ಯೆಹೂದ್ಯ, ಇದನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಇದು ತಾರತಮ್ಯ ಎಂದು ನ್ಯಾಯಾಲಯ 2009ರ ಡಿಸೆಂಬರ್ 22ರಂದು ತೀರ್ಪು ಕೊಟ್ಟಿತು. ಅದಾಗಿ ಒಂದೂವರೆ ದಶಕ ಕಳೆದರೂ ಸಂವಿಧಾನದ ಆ ವಿಧಿಗಳು ತಿದ್ದುಪಡಿಯಾಗಿಲ್ಲ.